ದೋಣಿ ಟ್ರೇಲರ್‌ನ ನಟ್ಟನಡುವೆ ಕೂರಲು ಯಾವ ಗೈಡ್ ಒಳ್ಳೆಯದು? ಪೋಸ್ಟ್, ಸೈಡ್ ಗೈಡ್, ಕೀಲ್ ರೋಲರ್: ಒಂದು ವಿಮರ್ಶೆ

ಗೈಡ್ ಪೋಸ್ಟ್ ಎಂಬ ದಾರಿ ತೋರುವ ಕಂಬಗಳ ಜೋಡಿಯೊಂದನ್ನು ತಂದು ಟ್ರೇಲರ್‌ಗೆ ಬಿಗಿದುಬಿಟ್ಟರೆ ಸಾಕು, ನೀರಿನಿಂದ ಮೇಲೇರಿಸುವಾಗ ದೋಣಿ ತಾನಾಗಿ ನಡುವಿಗೆ ಬಂದು ಕೂರುತ್ತದೆ ಎಂದುಕೊಂಡು ಕೊಳ್ಳುವವರೇ ಹೆಚ್ಚು. ಆ ನಂಬಿಕೆ ಅರ್ಧ ಮಾತ್ರ ನಿಜ. ಪೋಸ್ಟ್ ಮಾಡುವ ಕೆಲಸ ಎರಡೇ. ನೀರಿನಡಿ ಮುಳುಗಿರುವ ಟ್ರೇಲರ್ ಎಲ್ಲಿದೆ ಎಂದು ತೋರಿಸುತ್ತದೆ, ದೋಣಿಯ ಹಿಂಭಾಗ ತೀರಾ ಪಕ್ಕಕ್ಕೆ ಹೋಗದಂತೆ ತಡೆಯುತ್ತದೆ. ಕೊನೆಯ ಎರಡು ಅಂಗುಲವನ್ನು ತೀರ್ಮಾನಿಸುವುದು ಬಂಕ್, ಅಂದರೆ ಟ್ರೇಲರ್ ಮೇಲೆ ದೋಣಿಯ ತಳವನ್ನು ಹೊರುವ ಉದ್ದ ಹಲಗೆಗಳು, ಮತ್ತು ಟ್ರೇಲರನ್ನು ಎಷ್ಟು ಆಳಕ್ಕೆ ಇಳಿಸಿದ್ದೀರಿ ಎಂಬುದು. ಇದು ಗೊತ್ತಿದ್ದು ಕೊಂಡರೆ ಗೈಡ್ ಪೋಸ್ಟ್ ಅತ್ಯುತ್ತಮ ಸಾಧನ. ಗೊತ್ತಿಲ್ಲದೆ ಕೊಂಡರೆ ಪೋಸ್ಟ್ ಹಾಕಿದ ಮೇಲೂ ದೋಣಿ ಓರೆಯಾಗಿಯೇ ಕೂರುತ್ತದೆ, ದೂರು ಮಾತ್ರ ಪೋಸ್ಟ್ ಮೇಲೆ ಬರುತ್ತದೆ.

ಇಲ್ಲಿ ನೋಡುತ್ತಿರುವುದು ಬಿಡಿಯಾಗಿ ಕೊಂಡು ಹಾಕಿಕೊಳ್ಳಬಹುದಾದ ಮೂರು ಬಗೆಯ ಸಾಮಾನುಗಳನ್ನು: ನೆಟ್ಟಗೆ ನಿಲ್ಲುವ ಗೈಡ್ ಪೋಸ್ಟ್, ದೋಣಿಯ ಪಕ್ಕೆಗೆ ಹತ್ತಿರವಾಗಿ ನಿಲ್ಲುವ ಉದ್ದ ಹಲಗೆಯ ಸೈಡ್ ಗೈಡ್, ಟ್ರೇಲರ್‌ನ ಅಡ್ಡ ತೊಲೆಯ ಮೇಲೆ ಕೂತು ದೋಣಿ ತಳದ ನಡುಗೆರೆಯನ್ನು (ಕೀಲ್) ನಡೆಸುವ ಉರುಳೆ, ಕೀಲ್ ರೋಲರ್. ಹಲವು ಕಂಪನಿಗಳು ಇವನ್ನು ಮಾಡುತ್ತವೆ, ರಚನೆ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಹೆಸರಿಗಿಂತ ಪೈಪಿನ ದಪ್ಪ, ಬೋಲ್ಟಿನ ಜಾಗ, ಲೇಪನ ಇವನ್ನೇ ನೋಡುವುದು ಮೇಲು.

ದೋಣಿ ಓರೆಯಾಗುವುದು ಏಕೆ

ದೋಣಿಯ ಮೂತಿ ಟ್ರೇಲರ್‌ನ ಮುಂಭಾಗದ ವಿಂಚ್ (ಬೆಲ್ಟ್ ಸುತ್ತಿ ದೋಣಿಯನ್ನು ಎಳೆಯುವ ರಾಟೆ) ಕಂಬದ ತಡೆಗೆ ತಾಗಿ ನಿಂತಿದ್ದರೆ ಆ ತುದಿ ಎಲ್ಲಿಗೂ ಹೋಗುವುದಿಲ್ಲ. ತೊಂದರೆ ಇರುವುದು ಹಿಂದೆ. ಟ್ರೇಲರ್ ಆಳದಲ್ಲಿದ್ದಾಗ ಹಿಂಭಾಗ ಬಂಕ್ ಹಲಗೆಗಳಿಂದ ಒಂದು ಗೇಣು ಮೇಲೆ ತೇಲುತ್ತಿರುತ್ತದೆ. ಮೂತಿಯನ್ನು ಕಟ್ಟಿಹಾಕಿರುವುದರಿಂದ ಅದರ ಸುತ್ತ ಹಿಂಭಾಗ ಗಾಳಿ ತಳ್ಳಿದ ಕಡೆಗೆ, ನೀರು ಹರಿದ ಕಡೆಗೆ ಆಡುತ್ತದೆ. ಟ್ರೇಲರನ್ನು ಎಳೆಯುವ ಗಾಡಿ ಮೇಲೇರುವಾಗ ಆ ಕ್ಷಣ ಎಲ್ಲಿತ್ತೋ ಅಲ್ಲೇ ಇಳಿದು ಕೂರುತ್ತದೆ. ಟ್ರೇಲರ್ ಹೆಚ್ಚು ಆಳಕ್ಕೆ ಇಳಿದಷ್ಟೂ ಈ ತೇಲಾಟದ ಹೊತ್ತು ಹೆಚ್ಚು. ಓರೆಯಾಗಿ ಕೂರುವ ದೋಣಿಗಳಲ್ಲಿ ಬಹುಪಾಲಿನ ಮೂಲ ಕಾರಣ ಇದೊಂದೇ: ಟ್ರೇಲರನ್ನು ಬೇಕಾದ್ದಕ್ಕಿಂತ ಆಳಕ್ಕೆ ತಳ್ಳಿರುವುದು. ಸುಲಭವಾಗಿ ತೇಲಿ ಬರುತ್ತದೆ ಎಂಬ ಆಸೆಗೆ ಇಳಿಸುತ್ತಾರೆ, ತೇಲಿ ಬಂದದ್ದು ತೇಲಿಯೇ ಹೋಗುತ್ತದೆ.

ಎರಡನೆಯದು, ದೋಣಿಯನ್ನು ನೀರಿಗಿಳಿಸಲು, ಮೇಲೇರಿಸಲು ದಡದಲ್ಲಿರುವ ಇಳಿಜಾರು ಹಾದಿಯಾದ ರ‍್ಯಾಂಪ್‌ನ ಅಡ್ಡ ಇಳಿಜಾರು. ಒಂದು ಪಕ್ಕ ತಗ್ಗಾಗಿದ್ದರೆ ಟ್ರೇಲರ್ ಆ ಕಡೆಗೆ ವಾಲಿ ನಿಲ್ಲುತ್ತದೆ, ಆದರೆ ನೀರಿನ ಮೇಲಿನ ದೋಣಿ ಮಟ್ಟವಾಗಿಯೇ ಇರುತ್ತದೆ. ಎತ್ತರದ ಕಡೆಯ ಬಂಕ್ ತಳಕ್ಕೆ ಮೊದಲು ತಾಗುತ್ತದೆ, ತಾಗಿ ದೋಣಿಯನ್ನು ತಗ್ಗಿನ ಕಡೆಗೆ ನೂಕುತ್ತದೆ. ಪ್ರತಿಸಲವೂ ಒಂದೇ ಪಕ್ಕಕ್ಕೆ ಓರೆಯಾಗುತ್ತಿದ್ದರೆ, ಅದೂ ಒಂದೇ ರ‍್ಯಾಂಪ್‌ನಲ್ಲಿ, ಕಾರಣ ಇದೇ. ಎಲ್ಲಿ ಹೋದರೂ ಒಂದೇ ಪಕ್ಕಕ್ಕೆ ಆಗುತ್ತಿದ್ದರೆ ಮಾತ್ರ ಟ್ರೇಲರ್ ಮೇಲೆ ಅನುಮಾನ ಪಡಬೇಕು: ಬಂಕ್‌ಗಳ ಎತ್ತರ ಬೇರೆಬೇರೆ ಇರಬಹುದು, ಒಂದರ ಬ್ರ್ಯಾಕೆಟ್ ಜಾರಿರಬಹುದು, ವಿಂಚ್ ಕಂಬ ನಡುಗೆರೆಯಿಂದ ಸರಿದಿರಬಹುದು.

ತಳದ ಆಕಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಳವಾದ ವಿ ಆಕಾರದ ತಳ ಬಂಕ್‌ಗಳ ನಡುವೆ ತಾನೇ ಜಾರಿ ನಡುವಿಗೆ ಬರಲು ನೋಡುತ್ತದೆ, ಬಂಕ್‌ಗಳು ತಳದ ಇಳಿಜಾರಿಗೆ ಹೊಂದಿಕೊಂಡು ವಾಲಿದ್ದರೆ. ಚಪ್ಪಟೆ ತಳದ ಅಲ್ಯೂಮಿನಿಯಂ ದೋಣಿಗೆ ಆ ಗುಣವೇ ಇಲ್ಲ. ಅದನ್ನು ಪಕ್ಕದಿಂದ ತಡೆಯದೆ ಬೇರೆ ದಾರಿಯಿಲ್ಲ. ಚಪ್ಪಟೆ ತಳದವರು ಗೈಡ್‌ಗೆ ಹಣ ಹಾಕುವ ಮೊದಲು ಎರಡು ಸಲ ಯೋಚಿಸುವ ಅಗತ್ಯವೇ ಇಲ್ಲ.

ಓರೆಯಾದರೆ ಏನಾಯಿತು, ಬೆಲ್ಟ್ ಬಿಗಿದು ಹೊರಟರಾಯಿತು ಎನ್ನುವವರಿಗೆ ಒಂದು ಲೆಕ್ಕ. ದೋಣಿ, ಎಂಜಿನ್, ಇಂಧನ ಸೇರಿ 900 ಕಿಲೋ ತೂಕ, ಎರಡು ಚಕ್ರಗಳ ನಡುವಿನ ಅಂತರ 1.8 ಮೀಟರ್ ಎಂದಿಟ್ಟುಕೊಳ್ಳಿ. ಭಾರದ ಕೇಂದ್ರ 10 ಸೆಂಟಿಮೀಟರ್ ಬಲಕ್ಕೆ ಸರಿದರೆ ಬಲ ಚಕ್ರದ ಮೇಲೆ 500 ಕಿಲೋ, ಎಡ ಚಕ್ರದ ಮೇಲೆ 400 ಕಿಲೋ ಬೀಳುತ್ತದೆ. ಒಂದು ಕ್ವಿಂಟಾಲ್ ವ್ಯತ್ಯಾಸ. ಟೈರ್‌ನ ಭಾರದ ಮಿತಿ ಹತ್ತಿರದಲ್ಲೇ ಇದ್ದರೆ ಬಲ ಟೈರ್ ಕಾಯುತ್ತದೆ, ಆ ಕಡೆಯ ಬೇರಿಂಗ್ ಬೇಗ ಸವೆಯುತ್ತದೆ, ತಿರುವಿನಲ್ಲಿ ಟ್ರೇಲರ್ ಒಂದು ಕಡೆಗೆ ಹೆಚ್ಚು ವಾಲುತ್ತದೆ. ಇದಕ್ಕಿಂತ ಹೆಚ್ಚು ಚಿಂತೆಯ ವಿಷಯ ದೋಣಿಯ ತಳದ್ದು. ತಳದ ಉದ್ದಕ್ಕೂ ಇರುವ ಏಣುಗಳ ನಡುವಿನ ಸಮತಟ್ಟು ಜಾಗದಲ್ಲಿ ಬಂಕ್ ಕೂರಬೇಕು. ಓರೆಯಾದ ದೋಣಿಯಲ್ಲಿ ಒಂದು ಏಣು ಬಂಕ್‌ನ ಅಂಚಿಗೇ ಬಂದು ಕೂರುತ್ತದೆ. ಆ ಸಣ್ಣ ಅಂಚಿನ ಮೇಲೆ ನೂರಾರು ಕಿಲೋ ಹೊತ್ತು ಗುಂಡಿ ಬಿದ್ದ ರಸ್ತೆಯಲ್ಲಿ ಹೋದರೆ ಫೈಬರ್ ತಳದಲ್ಲಿ ಕೂದಲೆಳೆಯ ಬಿರುಕು, ಅಲ್ಯೂಮಿನಿಯಂ ತಳದಲ್ಲಿ ತಗ್ಗು ಬೀಳಬಹುದು.

ಗೈಡ್ ಪೋಸ್ಟ್

ರಚನೆ ಸರಳ. ಎಲ್ ಆಕಾರಕ್ಕೆ ಬಾಗಿಸಿದ ಕಬ್ಬಿಣದ ಪೈಪು, ಅದರ ಅಡ್ಡ ತೋಳು ಟ್ರೇಲರ್ ಚೌಕಟ್ಟಿಗೆ ಯು-ಬೋಲ್ಟ್‌ಗಳಿಂದ ಬಿಗಿಯುತ್ತದೆ. ನೆಟ್ಟಗಿನ ಭಾಗದ ಮೇಲೆ ಸುಮಾರು 2 ಅಂಗುಲದ ಬಿಳಿ ಪಿವಿಸಿ ಪೈಪು ಅಂಗಿಯ ತೋಳಿನಂತೆ ಹೊದ್ದಿರುತ್ತದೆ, ತುದಿಗೊಂದು ಮುಚ್ಚಳ. ಅಡ್ಡ ತೋಳನ್ನು ಒಳಹೊರಗೆ ಜಾರಿಸಿ ಅಗಲ ಹೊಂದಿಸಿಕೊಳ್ಳಬೇಕು.

ಎತ್ತರದ ಆಯ್ಕೆಯಲ್ಲೇ ಹೆಚ್ಚಿನವರು ತಪ್ಪುವುದು. 40 ಅಂಗುಲದ್ದು ಮತ್ತು 60 ಅಂಗುಲದ್ದು ಸಾಮಾನ್ಯವಾಗಿ ಸಿಗುತ್ತವೆ. ಸಾಗಿಸಲು ಹಗುರ, ನೋಡಲು ಅಚ್ಚುಕಟ್ಟು ಎಂದು ಚಿಕ್ಕದನ್ನು ತೆಗೆದುಕೊಳ್ಳುತ್ತಾರೆ. ರ‍್ಯಾಂಪ್‌ನ ಇಳಿಜಾರು 14 ಶೇಕಡ, ಬಂಕ್‌ನ ಮುಂದಿನ ತುದಿ ನೀರಿನ ಮಟ್ಟಕ್ಕೆ ಸರಿಯಾಗಿದೆ, ಬಂಕ್ ಚೌಕಟ್ಟಿನಿಂದ 20 ಸೆಂಟಿಮೀಟರ್ ಮೇಲಿದೆ ಎಂದುಕೊಳ್ಳಿ. ಅಲ್ಲಿಂದ 4 ಮೀಟರ್ ಹಿಂದಿರುವ ಪೋಸ್ಟ್‌ನ ಬುಡ ನೀರಿನಡಿ 76 ಸೆಂಟಿಮೀಟರ್‌ನಲ್ಲಿರುತ್ತದೆ. 40 ಅಂಗುಲದ ಪೋಸ್ಟ್‌ನಲ್ಲಿ ಹೊರಗೆ ಕಾಣುವುದು ಒಂದು ಗೇಣಿನಷ್ಟು, ದೋಣಿ ನಡೆಸುವವರಿಗೆ ದೋಣಿಯ ಅಂಚೇ ಅದನ್ನು ಮರೆಮಾಡುತ್ತದೆ. 60 ಅಂಗುಲದ್ದರಲ್ಲಿ ಮುಕ್ಕಾಲು ಮೀಟರ್ ಹೊರಗಿರುತ್ತದೆ. ಖಾಲಿ ಟ್ರೇಲರನ್ನು ಹಿಂದಕ್ಕೆ ಬಿಡುವಾಗ ಕನ್ನಡಿಯಲ್ಲಿ ಅದರ ಹಿಂಬದಿ ಎಲ್ಲಿದೆ ಎಂದು ತಿಳಿಯಲೂ ಈ ಎತ್ತರವೇ ಬೇಕು. ದೋಣಿ ಪುಟ್ಟದು, ರ‍್ಯಾಂಪ್ ಕಡಿದಾಗಿಲ್ಲ ಎಂದಾದರೆ ಮಾತ್ರ 40 ಸಾಕು. ಬೇರೆ ಎಲ್ಲರಿಗೂ 60.

ಪೋಸ್ಟ್ ಚೆನ್ನಾಗಿದೆಯೇ ಎಂದು ತಿಳಿಯಲು ಕಂಬವನ್ನು ನೋಡಬೇಡಿ, ಬುಡವನ್ನು ನೋಡಿ. ಗಾಳಿಗೆ ಸರಿದ ದೋಣಿ ಮೇಲ್ತುದಿಯನ್ನು 20 ಕಿಲೋ ಬಲದಿಂದ ತಳ್ಳಿದರೆ, 1.5 ಮೀಟರ್ ಕೆಳಗಿನ ಬುಡದಲ್ಲಿ ಅದು ಬಹಳ ದೊಡ್ಡ ತಿರುಚು ಬಲವಾಗುತ್ತದೆ. ಅಡ್ಡ ತೋಳನ್ನು ಹಿಡಿದ ಎರಡು ಯು-ಬೋಲ್ಟ್‌ಗಳ ನಡುವೆ 10 ಸೆಂಟಿಮೀಟರ್ ಮಾತ್ರ ಇದ್ದರೆ ಒಂದೊಂದರ ಮೇಲೂ ಸುಮಾರು 300 ಕಿಲೋ ಎಳೆತ ಬೀಳುತ್ತದೆ. ಅಂತರ ಇಮ್ಮಡಿಯಾದರೆ ಎಳೆತ ಅರ್ಧಕ್ಕಿಳಿಯುತ್ತದೆ. ಅದಕ್ಕೇ ಒಂದೇ ಯು-ಬೋಲ್ಟ್‌ನಲ್ಲಿ ನಿಲ್ಲುವ ಅಗ್ಗದ ಜೋಡಿಗಳನ್ನು ಕೊಳ್ಳಲೇಬಾರದು. ಅಡ್ಡ ತೋಳು ದುಂಡಗಿದ್ದು ಯು-ಬೋಲ್ಟ್ ಚೌಕವಾಗಿದ್ದರೆ ಹಿಡಿತ ಸಿಗುವುದು ಎರಡೇ ಗೆರೆಗಳಲ್ಲಿ. ಎಷ್ಟು ಬಿಗಿದರೂ ಒಂದು ದಿನ ಪೋಸ್ಟ್ ಹಿಂದಕ್ಕೋ ಮುಂದಕ್ಕೋ ತಿರುಗಿ ಮಲಗುತ್ತದೆ. ಚೌಕ ತೋಳು, ಕನಿಷ್ಠ 5 ಅಥವಾ 6 ಮಿಲಿಮೀಟರ್ ದಪ್ಪದ ಒತ್ತು ತಗಡು, ನೈಲಾನ್ ಬಳೆಯಿರುವ ಲಾಕ್ ನಟ್ಟು: ಈ ಮೂರೂ ಇದ್ದರೆ ಧೈರ್ಯವಾಗಿ ಕೊಳ್ಳಬಹುದು.

ಕಂಬ ಸ್ವಲ್ಪ ಬಾಗುವುದು ದೋಷವೇನಲ್ಲ. ಬಿಗಿದ ಮೇಲೆ ತುದಿ ಹಿಡಿದು ತಳ್ಳಿ. ಮೂರು ನಾಲ್ಕು ಸೆಂಟಿಮೀಟರ್ ಬಾಗಿ ಮತ್ತೆ ಸ್ವಸ್ಥಾನಕ್ಕೆ ಬಂದರೆ ಅದೇ ಒಳ್ಳೆಯ ಲಕ್ಷಣ, ದೋಣಿಯ ಪಕ್ಕೆಗೆ ಪೆಟ್ಟಾಗುವುದಿಲ್ಲ. ಬಾಗಿದಲ್ಲೇ ಉಳಿದರೆ ಪೈಪಿನ ಗೋಡೆ ತೆಳು ಎಂದರ್ಥ, ವಾಪಸ್ ಕೊಡಿ.

ತುಕ್ಕಿನ ವಿಷಯಕ್ಕೆ ಪೈಪಿನ ತೆರೆದ ತುದಿಯೊಳಗೆ ಟಾರ್ಚ್ ಬಿಟ್ಟು ನೋಡಬೇಕು. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಪೈಪು ಒಳಗೂ ಹೊರಗೂ ಮಂಕು ಬೂದು ಬಣ್ಣಕ್ಕಿರುತ್ತದೆ, ಅಲ್ಲಲ್ಲಿ ಹರಳಿನಂಥ ಮಚ್ಚೆ, ಅಂಚಿನಲ್ಲಿ ಹೆಪ್ಪುಗಟ್ಟಿದ ಹನಿ. ಹೊರಗೆ ಮಾತ್ರ ಬೆಳ್ಳಗೆ ಮಿರುಗಿ ಒಳಗೆ ಬರೀ ಕಬ್ಬಿಣ ಕಂಡರೆ ಅದು ತೆಳು ವಿದ್ಯುತ್ ಲೇಪನ. ಸಿಹಿನೀರಿಗೆ ಬಾಳಿಕೆ ಬಂದೀತು, ಉಪ್ಪುನೀರಿಗೆ ಬೇಡವೇ ಬೇಡ. ಬಾಗಿದ ಮೂಲೆಯಲ್ಲಿ ನೀರು ನಿಲ್ಲುವುದರಿಂದ ತುಕ್ಕು ಅಲ್ಲಿಂದಲೇ, ಒಳಗಿನಿಂದಲೇ ಶುರುವಾಗುತ್ತದೆ. ಮೂಲೆಯ ಅಡಿಯಲ್ಲಿ ನೀರಿಳಿಯುವ ತೂತು ಇದೆಯೇ ನೋಡಿ.

ಪಿವಿಸಿ ತೋಳು ಕಂಬದ ಸುತ್ತ ಸರಾಗವಾಗಿ ತಿರುಗಬೇಕು. ದೋಣಿಯ ಪಕ್ಕೆ ಉಜ್ಜದೆ ಉರುಳಿಕೊಂಡು ಮುಂದೆ ಹೋಗುವುದು ಇದರಿಂದಲೇ. ಮುಚ್ಚಳವನ್ನು ಬರೀ ಒತ್ತಿ ಕೂರಿಸಿದ್ದರೆ ಸಾಲದು. ತೋಳಿನೊಳಗೆ ಸಿಕ್ಕಿಕೊಂಡ ಗಾಳಿ ಅದನ್ನು ಮೇಲಕ್ಕೆ ನೂಕುತ್ತದೆ, ದೋಣಿ ತಾಗಿದಾಗ ತೋಳೇ ಕಿತ್ತು ಬರುತ್ತದೆ. ಮುಚ್ಚಳದಲ್ಲೊಂದು 6 ಮಿಲಿಮೀಟರ್ ತೂತು ಕೊರೆದು, ತೋಳು ಮೇಲೇಳದಂತೆ ತಡೆಯುವ ಸ್ಟೇನ್‌ಲೆಸ್ ಸ್ಕ್ರೂ ಒಂದನ್ನು ಹಾಕಿ. ಬಿಸಿಲಿಗೆ ಪಿವಿಸಿ ಹಳದಿಯಾಗಿ, ಗಡುಸಾಗಿ ಸೀಳುತ್ತದೆ. ಸೀಳಿದ ಅಂಚು ಬ್ಲೇಡಿನಷ್ಟು ಹರಿತವಾಗಿ ದೋಣಿಯ ಬಣ್ಣ ಕೆರೆಯುತ್ತದೆ, ಆದ್ದರಿಂದ ಬಿರುಕು ಕಂಡ ಕೂಡಲೇ ಬದಲಿಸಬೇಕು. ಕಂಪನಿಯದೇ ಆಗಬೇಕಿಲ್ಲ, ಒಳ ಅಳತೆ ಹೊಂದುವ ಪ್ಲಂಬಿಂಗ್ ಪೈಪು ಸಾಕು.

ಮೇಲ್ತುದಿಯಲ್ಲಿ ಎಲ್‌ಇಡಿ ಹಿಂದೀಪ ಕೂರಿಸಿರುವ ಪೋಸ್ಟ್‌ಗಳೂ ಬರುತ್ತವೆ. ದೀಪ ನೀರಿನಿಂದ ಮೇಲೆ ಉಳಿಯುವುದರಿಂದ ಹಾಳಾಗುವುದು ಕಡಿಮೆ, ಹಿಂದಿನ ವಾಹನಗಳಿಗೂ ಎತ್ತರದಲ್ಲಿ ಚೆನ್ನಾಗಿ ಕಾಣುತ್ತದೆ. ಹೆಚ್ಚಿನ ಹಣ ಕೊಡಲು ಯೋಗ್ಯ. ಅರ್ತಿಂಗ್ ಮಾತ್ರ ಚೌಕಟ್ಟಿನ ಮೂಲಕ ಬರಬಾರದು, ಪ್ರತ್ಯೇಕ ವೈರ್ ಎಳೆದಿರಬೇಕು. ಸತು ಲೇಪಿಸಿದ ಬೋಲ್ಟುಗಳ ಮೂಲಕ ಬರುವ ಅರ್ತಿಂಗ್ ಉಪ್ಪುನೀರಿನಲ್ಲಿ ಬೇಗ ಕೈಕೊಡುತ್ತದೆ.

ಒಟ್ಟಾರೆ ಪೋಸ್ಟ್‌ಗೆ 5ರಲ್ಲಿ 4. ಒಂದು ಅಂಕ ಕಳೆದದ್ದು, ಬೀಸುಗಾಳಿಯಲ್ಲಿ ಇಡೀ ದೋಣಿಯ ಒತ್ತಡ ಒಂದೇ ಬಿಂದುವಿನಲ್ಲಿ ಬೀಳುತ್ತದೆ ಎಂಬುದಕ್ಕೆ.

ಸೈಡ್ ಗೈಡ್

ಇದು ಆ ಕೊರತೆಯನ್ನು ತುಂಬುವ ಸಾಧನ. 2 ಅಡಿಯಿಂದ 5 ಅಡಿ ಉದ್ದದ, ಕಾರ್ಪೆಟ್ ಹೊದಿಸಿದ ಹಲಗೆಯನ್ನು ಟ್ರೇಲರ್‌ನ ಎರಡೂ ಪಕ್ಕದಲ್ಲಿ, ದೋಣಿಯ ಉದ್ದಕ್ಕೆ ಸಮಾನಾಂತರವಾಗಿ, ಅಂಚು ಕೆಳಗಾಗಿ ನಿಲ್ಲಿಸಿರುತ್ತಾರೆ. ದೋಣಿ ಒತ್ತಿದರೆ ಆ ಒತ್ತಡ ಹಲಗೆಯ ಉದ್ದಕ್ಕೂ ಹಂಚಿಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಿಂಭಾಗವನ್ನು ತಡೆಯುವುದರ ಜೊತೆಗೆ ದೋಣಿಯ ದಿಕ್ಕನ್ನೂ ನೇರ ಮಾಡುತ್ತದೆ. ಒಂದು ಬಿಂದುವಿನಲ್ಲಿ ತಾಗುವ ಪೋಸ್ಟ್‌ಗೆ ಅದು ಸಾಧ್ಯವಿಲ್ಲ. ಹರಿಯುವ ನೀರಿನಲ್ಲಿ, ಬಯಲು ಗಾಳಿಯ ಜಾಗದಲ್ಲಿ, ಎರಡು ಕೊಳವೆಗಳ ಮೇಲೆ ತೇಲುವ ಪಾಂಟೂನ್ ದೋಣಿಗೆ ಇದೇ ಸರಿ.

ಕೊರತೆಗಳೂ ಇವೆ. ನೀರಿನಲ್ಲಿ ಮುಳುಗಿಬಿಡುವುದರಿಂದ ದೋಣಿ ನಡೆಸುವವರಿಗೆ ಕಾಣುವುದಿಲ್ಲ, ತಾಗಿದ ಮೇಲೆಯೇ ಗೊತ್ತಾಗುವುದು. ಕಾರ್ಪೆಟ್‌ನಲ್ಲಿ ಮರಳು, ಉಪ್ಪು ಸೇರಿಕೊಂಡರೆ ಅದು ಮರಳುಕಾಗದವೇ ಆಗಿಬಿಡುತ್ತದೆ. ಪ್ರತಿ ಬಳಕೆಯ ನಂತರ ಸಿಹಿನೀರಿನಲ್ಲಿ ಪೈಪು ಹಿಡಿದು ತೊಳೆಯಲೇಬೇಕು. ಕಾರ್ಪೆಟ್ಟನ್ನು ಹಲಗೆಗೆ ಹೊಡೆದ ಪಿನ್ನುಗಳು ಸ್ಟೇನ್‌ಲೆಸ್ ಆಗಿರಬೇಕು, ಮತ್ತು ದೋಣಿಗೆ ತಾಗದ ಹಿಂಬದಿಯಲ್ಲಿರಬೇಕು. ಎಷ್ಟೋ ಅಗ್ಗದ ಜೋಡಿಗಳಲ್ಲಿ ಪಿನ್ನು ಅಂಚಿನಲ್ಲೇ ಇರುತ್ತದೆ, ಸಡಿಲವಾದಾಗ ತಲೆ ಎತ್ತಿ ಪಕ್ಕೆಗೆ ಗೆರೆ ಎಳೆಯುತ್ತದೆ.

ಅಲ್ಯೂಮಿನಿಯಂ ದೋಣಿ ಇರುವವರು ಇನ್ನೊಂದನ್ನು ಕೇಳಿ ತಿಳಿಯಬೇಕು. ಗೆದ್ದಲು, ಕೊಳೆ ತಡೆಯಲು ತಾಮ್ರದ ಅಂಶ ಸೇರಿಸಿ ಸಂಸ್ಕರಿಸಿದ ಮರ ಒದ್ದೆಯಾಗಿ ಅಲ್ಯೂಮಿನಿಯಂಗೆ ತಾಗಿಕೊಂಡಿದ್ದರೆ ಲೋಹ ಚುಕ್ಕೆಚುಕ್ಕೆಯಾಗಿ ತಿನ್ನಿಹೋಗುತ್ತದೆ. ನಡುವೆ ಕಾರ್ಪೆಟ್ ಇದ್ದರೂ ಒದ್ದೆ ಕಾರ್ಪೆಟ್ ತಡೆಯಾಗುವುದಿಲ್ಲ. ಅಂಥವರಿಗೆ ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಹೊದಿಸಿದ ಹಲಗೆ ಒಳ್ಳೆಯದು. ತಳದ ಬಂಕ್‌ಗೂ ಇದೇ ಮಾತು.

ಪ್ರತಿ ಹಲಗೆಗೂ ಎರಡು ಬ್ರ್ಯಾಕೆಟ್ ಇರಲೇಬೇಕು. ಗಾಳಿ, ಹರಿವು ಇರುವ ಕಡೆ 5ಕ್ಕೆ 4.5 ಕೊಡುತ್ತೇನೆ. ನಿಶ್ಚಲ ನೀರಿನ ಪುಟ್ಟ ಕೆರೆಯಲ್ಲಿ ಇಷ್ಟೆಲ್ಲ ಭಾರ ಹೊರುವ ಅಗತ್ಯವಿಲ್ಲ. ಎರಡೂ ಬೇಕೆನ್ನುವವರು ಸೈಡ್ ಗೈಡ್‌ನ ಹಿಂದಿನ ತುದಿಗೇ ತೆಳು ಪೋಸ್ಟೊಂದನ್ನು, ಗುರುತಿಗಷ್ಟೇ, ಸೇರಿಸಿಕೊಳ್ಳಬಹುದು.

ಕೀಲ್ ರೋಲರ್

ನಡು ತಗ್ಗಾಗಿ ಎರಡೂ ತುದಿ ಎದ್ದ ರಬ್ಬರ್ ಉರುಳೆ. ತಳದ ನಡುಗೆರೆ ಅದರ ತಗ್ಗಿಗೆ ಬಿದ್ದು ದೋಣಿ ದಾರಿ ತಪ್ಪದೆ ಮುಂದೆ ಬರುತ್ತದೆ. ಬಂಕ್ ಟ್ರೇಲರ್‌ನಲ್ಲಿ ಇದನ್ನು ಹಿಂದಿನ ಅಡ್ಡ ತೊಲೆಯ ಮೇಲೆ ಒಂದು ಹಾಕಿದರೂ ಉಪಯೋಗ ಕಾಣುತ್ತದೆ, ಟ್ರೇಲರನ್ನು ಹೆಚ್ಚು ಆಳಕ್ಕೆ ಇಳಿಸಲಾಗದ ಕಡೆಯಂತೂ ಬಹಳ. ಕಪ್ಪು ರಬ್ಬರ್ ದೋಣಿಗೆ ಮಸಿ ಹಚ್ಚುತ್ತದೆ, ಪಾಲಿಯುರೆಥೇನ್‌ನದ್ದು ಹಚ್ಚುವುದಿಲ್ಲ, ಸವೆಯುವುದೂ ನಿಧಾನ. ದೋಣಿ ಬಂಕ್ ಮೇಲೆ ಪೂರ್ತಿ ಕೂತಾಗ ರೋಲರ್‌ಗೂ ತಳಕ್ಕೂ ನಡುವೆ ಕೂದಲೆಳೆಯ ಸಂದಾದರೂ ಇರಬೇಕು. ಭಾರವೆಲ್ಲ ಅದರ ಮೇಲೆ ಬಿದ್ದರೆ ರಬ್ಬರ್ ಒಂದೆಡೆ ಚಪ್ಪಟೆಯಾಗಿ ಮತ್ತೆ ಉರುಳುವುದಿಲ್ಲ. ಪಾಂಟೂನ್‌ಗೂ ಚಪ್ಪಟೆ ತಳಕ್ಕೂ ಇದರಿಂದ ಏನೂ ಪ್ರಯೋಜನವಿಲ್ಲ.

ಕೂರಿಸುವ ಕ್ರಮ

ಗೈಡ್‌ಗಳನ್ನು ಖಾಲಿ ಟ್ರೇಲರ್‌ಗೆ ಅಳತೆ ನೋಡಿ ಬಿಗಿಯುವುದು ತಪ್ಪು ದಾರಿ. ಮೊದಲು ಟ್ರೇಲರ್ ನೇರವಾಗಿದೆಯೇ ನೋಡಿ. ಗಾಡಿಗೆ ಸಿಕ್ಕಿಸುವ ಕಪ್ಲರ್‌ನ ನಡುವಿನಿಂದ ಎರಡೂ ಬಂಕ್‌ಗಳ ಹಿಂತುದಿಗೆ ಟೇಪು ಹಿಡಿದರೆ ಎರಡು ಅಳತೆಯೂ ಒಂದೇ ಬರಬೇಕು, 5 ಮಿಲಿಮೀಟರ್ ಹೆಚ್ಚುಕಮ್ಮಿ ಪರವಾಗಿಲ್ಲ. ಹಿಂದಿನ ಅಡ್ಡ ತೊಲೆಯ ನಡುವನ್ನು ಅಳೆದು ಬಣ್ಣದ ಟೇಪು ಅಂಟಿಸಿ, ಈ ಗುರುತು ಮುಂದೆಯೂ ಪ್ರತಿಸಲ ಬೇಕಾಗುತ್ತದೆ. ದೋಣಿಯ ಹಿಂಬದಿಯಲ್ಲಿ ನೀರು ಬಿಡುವ ಬಿರಟೆ ನಡುವಿನಲ್ಲಿದ್ದರೆ ಅದೇ ನಿಮ್ಮ ಗುರುತು. ಇಲ್ಲದಿದ್ದರೆ ಅಳೆದು ಅಲ್ಲೂ ಟೇಪು ಅಂಟಿಸಿ.

ಸಮತಟ್ಟು ನೆಲದಲ್ಲಿ ನಿಲ್ಲಿಸಿ ಬಿರಟೆಯಿಂದ ತೂಗುಗುಂಡು ಇಳಿಬಿಟ್ಟರೆ ಅದು ತೊಲೆಯ ಗುರುತಿನ ಮೇಲೇ ನಿಲ್ಲಬೇಕು. 1 ಸೆಂಟಿಮೀಟರ್ ಒಳಗೆ ಇದ್ದರೆ ಸಾಕು. ಜೊತೆಗೆ ಎರಡೂ ಪಕ್ಕದಲ್ಲಿ ಮಡ್‌ಗಾರ್ಡ್‌ನ ಒಳ ಅಂಚಿನಿಂದ ದೋಣಿಯ ಪಕ್ಕೆಗೆ ಇರುವ ಅಂತರವನ್ನೂ ಹೋಲಿಸಿ, ಆದರೆ ಮಡ್‌ಗಾರ್ಡ್ ಒಮ್ಮೆ ಎಲ್ಲಾದರೂ ತಾಗಿ ಬಾಗಿದ್ದರೆ ಆ ಅಳತೆಯನ್ನು ನಂಬಬೇಡಿ. ಬಂಕ್‌ಗಳು ದೋಣಿಯ ಹಿಂಬದಿ ಹಲಗೆಯವರೆಗೂ ಬಂದು ಅದನ್ನು ಹೊತ್ತಿವೆಯೇ ಎಂದು ಈಗಲೇ ನೋಡಿಕೊಳ್ಳಿ. ಎಂಜಿನ್ ತೂಗುವುದು ಅಲ್ಲಿಂದಲೇ, ಬಂಕ್ ಅದಕ್ಕಿಂತ ಮೊದಲೇ ಮುಗಿದರೆ ತಳ ಕ್ರಮೇಣ ಡೊಂಕಾಗುತ್ತದೆ.

ಹೀಗೆ ನಡುವಿನಲ್ಲಿ ಕೂತ ದೋಣಿಗೆ ಹೊಂದುವಂತೆ ಗೈಡ್ ಕೂರಿಸಬೇಕು. ಪೋಸ್ಟ್‌ಗಳು ಟ್ರೇಲರ್‌ನ ಹಿಂತುದಿಯಿಂದ 30ರಿಂದ 60 ಸೆಂಟಿಮೀಟರ್ ಮುಂದಿರಲಿ. ದೋಣಿಯ ಪಕ್ಕೆಯ ಅತಿ ಅಗಲದ ಜಾಗ, ಬಹುತೇಕ ಸುತ್ತಲಿನ ರಬ್ಬರ್ ಪಟ್ಟಿಯೇ, ಪೋಸ್ಟ್‌ಗೆ ತಾಗುವ ಬಿಂದು. ಅಲ್ಲಿಂದ ಪ್ರತಿ ಪಕ್ಕದಲ್ಲೂ 25ರಿಂದ 40 ಮಿಲಿಮೀಟರ್ ಸಂದು ಬಿಡಿ. ಇದಕ್ಕಿಂತ ಕಡಿಮೆ ಬಿಟ್ಟರೆ ಸ್ವಲ್ಪ ಓರೆಯಾಗಿ ಬಂದ ದೋಣಿ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ, ರಸ್ತೆಯಲ್ಲಿ ಪ್ರತಿ ಕುಲುಕಿಗೂ ಉಜ್ಜುತ್ತದೆ. 75 ದಾಟಿದರೆ ಒಟ್ಟು 15 ಸೆಂಟಿಮೀಟರ್ ಆಟ ಸಿಕ್ಕಿತು, ಗೈಡ್ ಇದ್ದೂ ಇಲ್ಲದಂತೆ. ಸೈಡ್ ಗೈಡ್‌ಗೆ 12ರಿಂದ 25 ಮಿಲಿಮೀಟರ್ ಸಾಕು. ದೋಣಿ ಕೂತ ಮೇಲೆ ಯಾವ ಗೈಡೂ ಅದನ್ನು ಮುಟ್ಟಬಾರದು, ಭಾರ ಹೊರಲು ಅವು ಇರುವುದಲ್ಲ.

ನಟ್ಟುಗಳನ್ನು ಕೈಯಲ್ಲಿ ತಿರುಗಿಸಿ, ಎಲ್ಲ ಸಂದುಗಳನ್ನು ಹೋಲಿಸಿ, ಆಮೇಲೆ ಸ್ಪ್ಯಾನರ್ ಹಾಕಿ. ಯು-ಬೋಲ್ಟ್‌ನ ಎರಡು ಕಾಲುಗಳನ್ನೂ ಸ್ವಲ್ಪಸ್ವಲ್ಪವಾಗಿ ಸರದಿಯಂತೆ ಬಿಗಿಯಬೇಕು. ಒಂದನ್ನೇ ಪೂರ್ತಿ ಬಿಗಿದರೆ ತಗಡು ಓರೆಯಾಗಿ ಹಿಡಿತ ಹೋಗುತ್ತದೆ. ಅಲ್ಯೂಮಿನಿಯಂ ಟ್ರೇಲರ್‌ನ ಐ ಆಕಾರದ ತೊಲೆಗೆ ಈ ಯು-ಬೋಲ್ಟ್‌ಗಳು ಹೊಂದುವುದಿಲ್ಲ, ತೊಲೆಯ ಅಂಚನ್ನು ಕಚ್ಚುವ ಬೇರೆ ಕ್ಲಾಂಪ್ ಕೇಳಿ ತರಬೇಕು. ಅಲ್ಲಿ ಸ್ಟೇನ್‌ಲೆಸ್ ಬೋಲ್ಟ್ ಹಾಕುವುದಾದರೆ ನೈಲಾನ್ ವಾಷರ್ ಕೊಟ್ಟು ಎರಡು ಲೋಹ ನೇರ ತಾಗದಂತೆ ಮಾಡಿ, ಇಲ್ಲದಿದ್ದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಪುಡಿಪುಡಿಯಾಗುತ್ತದೆ.

ವಿಂಚ್ ಕಂಬವನ್ನೂ ಇದೇ ಹೊತ್ತಿನಲ್ಲಿ ಸರಿಮಾಡಿ. ಮೂತಿಯ ಕೊಂಡಿ ತಡೆ ರೋಲರ್‌ನ ಸ್ವಲ್ಪ ಕೆಳಗೆ ಬಂದು ನಿಲ್ಲಬೇಕು, ವಿಂಚ್ ಬೆಲ್ಟ್ ತಿರುಚಿಕೊಳ್ಳದೆ ನಡುಗೆರೆಯಲ್ಲೇ ಎಳೆಯಬೇಕು. ಡ್ರಮ್ಮಿನ ಒಂದು ಮೂಲೆಯಲ್ಲಿ ಬೆಲ್ಟ್ ಗುಪ್ಪೆಯಾಗಿ ಸುತ್ತಿಕೊಂಡರೆ ಮೂತಿಯೇ ಆ ಕಡೆಗೆ ಎಳೆಯಲ್ಪಡುತ್ತದೆ.

ರ‍್ಯಾಂಪ್‌ನಲ್ಲಿ

ಗೈಡ್ ಇದ್ದರೂ ಕ್ರಮ ತಪ್ಪಿದರೆ ಫಲವಿಲ್ಲ. ಮೊದಲು ಟ್ರೇಲರನ್ನು ಆಳಕ್ಕೆ ಬಿಟ್ಟು ಬಂಕ್‌ಗಳನ್ನು ಪೂರ್ತಿ ನೆನೆಸಿ, ಒಣ ಕಾರ್ಪೆಟ್ ಮೇಲೆ ದೋಣಿ ಜಾರದು. ಆಮೇಲೆ ಮುಂದಕ್ಕೆ ಎಳೆದು, ಬಂಕ್‌ನ ಮುಂದಿನ ತುದಿ ನೀರಿನಿಂದ ಒಂದೆರಡು ಅಂಗುಲ ಹೊರಗೆ ಕಾಣುವಲ್ಲಿ ನಿಲ್ಲಿಸಿ. ಬಹುತೇಕ ಬಂಕ್ ಟ್ರೇಲರ್‌ಗಳಿಗೆ ಮಡ್‌ಗಾರ್ಡ್‌ನ ನೆತ್ತಿ ಆಗಷ್ಟೇ ನೀರಿಗೆ ತಾಗುವ ಆಳ ಅದು. ಅಲ್ಲಿಂದ ಶುರುಮಾಡಿ, ನಿಮ್ಮ ದೋಣಿಗೆ ಸರಿಹೋಗುವ ಆಳ ಸಿಕ್ಕಾಗ ನೀರು ಮಡ್‌ಗಾರ್ಡ್‌ನ ಎಲ್ಲಿಗೆ ಬಂದಿದೆ ಎಂದು ಗುರುತು ಹಾಕಿಕೊಳ್ಳಿ. ಇಳಿಜಾರು ಬದಲಾದರೆ ಈ ಗುರುತೂ ಸ್ವಲ್ಪ ಬದಲಾಗುತ್ತದೆ: ಕಡಿದಾದ ಕಡೆ ಹಿಂಭಾಗ ಬೇಗ ಆಳಕ್ಕೆ ಹೋಗುವುದರಿಂದ ಟ್ರೇಲರನ್ನು ಇನ್ನೂ ಸ್ವಲ್ಪ ಮೇಲೆ ನಿಲ್ಲಿಸಬೇಕು.

ದೋಣಿಯ ಮುಂದಿನ ಮೂರನೇ ಎರಡು ಭಾಗ ತಾನಾಗಿ ತೇಲಿ ಬಂದು, ಕೊನೆಯ ಒಂದು ಮೀಟರಿನಷ್ಟನ್ನು ವಿಂಚ್‌ನಿಂದ ಎಳೆಯುವಂತಿದ್ದರೆ ಆಳ ಸರಿಯಿದೆ. ಆ ಕೊನೆಯ ಎಳೆತದಲ್ಲೇ ತಳ ಬಂಕ್‌ಗಳ ಮೇಲೆ ಒತ್ತಿಕೊಂಡು ನಡುವಿಗೆ ಬರುವುದು. ಕೈ ನೋಯದೆ ಮೂತಿ ತಡೆಗೆ ಬಂದು ತಾಗಿತೆಂದರೆ ಟ್ರೇಲರ್ ಹೆಚ್ಚು ಆಳದಲ್ಲಿದೆ. ವಿಂಚ್ ಮಾಡಬೇಕಾದ ಕೆಲಸವನ್ನು ಎಂಜಿನ್ ರಭಸದಿಂದ ಮಾಡುವ ಅಭ್ಯಾಸ ಬಿಡಬೇಕು. ಪ್ರೊಪೆಲರ್ ಎಬ್ಬಿಸಿದ ನೀರು ರ‍್ಯಾಂಪ್‌ನ ಕೆಳತುದಿಯ ಮಣ್ಣು ಕೊರೆದು ಗುಂಡಿ ಮಾಡುತ್ತದೆ, ಮುಂದೆ ಯಾರದೋ ಟ್ರೇಲರ್ ಚಕ್ರ ಅದರಲ್ಲಿ ಬೀಳುತ್ತದೆ.

ಪಕ್ಕದ ಗಾಳಿಯಿದ್ದರೆ ಗಾಳಿ ಬರುವ ಕಡೆಯ ಹಿಂಮೂಲೆಗೆ ಹಗ್ಗ ಕಟ್ಟಿ ಒಬ್ಬರು ದಡದಿಂದ ಹಿಡಿದಿರಬೇಕು. ಎಳೆಯಬೇಕಿಲ್ಲ, ಸರಿಯದಂತೆ ಹಿಡಿದರೆ ಸಾಕು. ರ‍್ಯಾಂಪ್ ಒಂದು ಕಡೆ ತಗ್ಗಾಗಿದ್ದರೆ ಹಿಂಭಾಗವನ್ನು ಎತ್ತರದ ಕಡೆಗೆ ಬೇಕೆಂದೇ ಎರಡು ಅಂಗುಲ ಒತ್ತಿ ಹಿಡಿಯಿರಿ, ಕೂರುವಾಗ ಅಷ್ಟು ಜಾರಿ ನಡುವಿಗೆ ಬರುತ್ತದೆ.

ಮೂತಿಗೆ ವಿಂಚ್ ಬೆಲ್ಟ್ ಜೊತೆಗೆ ಸುರಕ್ಷತಾ ಸರಪಳಿಯನ್ನೂ ಸಿಕ್ಕಿಸಿದ ಮೇಲೆ ಗಾಡಿಯನ್ನು ನಿಧಾನ ಮುಂದಕ್ಕೆ ತೆಗೆದು, ಹಿಂಭಾಗ ಬಂಕ್ ಮೇಲೆ ಆಗಷ್ಟೇ ಕೂತಾಗ ನಿಲ್ಲಿಸಿ. ಇಡೀ ಕೆಲಸದ ಮುಖ್ಯ ಕ್ಷಣ ಇದು, ಬಹಳ ಜನ ನಿಲ್ಲಿಸದೆ ಹೋಗುವುದೂ ಇಲ್ಲೇ. ಇಳಿದು ಹಿಂದಿನಿಂದ ನೋಡಿ, ಎರಡು ಪೋಸ್ಟ್‌ಗಳ ಸಂದು ಒಂದೇ ಇದೆಯೇ? ಇಲ್ಲದಿದ್ದರೆ ಅರ್ಧ ಮೀಟರ್ ಹಿಂದಕ್ಕೆ ಬಿಡಿ. ಹಿಂಭಾಗ ಮತ್ತೆ ತೇಲುತ್ತದೆ, ಒಂದು ಕೈಯಲ್ಲಿ ಸರಿಸಿ ಮತ್ತೆ ಮುಂದೆ ತೆಗೆಯಬಹುದು. ನೀರು ಬಿಟ್ಟು ಮೇಲೆ ಬಂದ ದೋಣಿಯನ್ನು ನಾಲ್ಕು ಜನ ತಳ್ಳಿದರೂ ಸರಿಸಲಾಗದು. ಬೆಲ್ಟ್ ಬಿಗಿದು ಎಳೆಯುತ್ತೇನೆಂದರೆ ತಳದ ಏಣು ಕಾರ್ಪೆಟ್ಟನ್ನೇ ಹರಿಯುತ್ತದೆ.

ಕಡಿದಾದ ರ‍್ಯಾಂಪ್‌ನಿಂದ ಸಮತಟ್ಟಿಗೆ ಬಂದಾಗ ಮೂತಿ ತಡೆಯಿಂದ ಒಂದೆರಡು ಅಂಗುಲ ಹಿಂದೆ ಸರಿದು ಕಾಣಬಹುದು. ಅಂತರ ಅಷ್ಟೇ ಇದ್ದರೆ ವಿಂಚ್ ಒಂದೆರಡು ಹಲ್ಲು ತಿರುಗಿಸಿ ಮುಚ್ಚಿಬಿಡಿ. ಹೆಚ್ಚಿದ್ದರೆ ಮತ್ತೆ ನೀರಿಗೆ ಬಿಟ್ಟು ಸರಿಮಾಡುವುದೇ ಒಳ್ಳೆಯದು. ಹಿಂಬದಿಯ ಎರಡು ಬೆಲ್ಟ್‌ಗಳನ್ನು ಸಮನಾಗಿ ಬಿಗಿಯಿರಿ. ವಿಂಚ್ ಬೆಲ್ಟ್ ದೋಣಿಯನ್ನು ಎಳೆಯಲು ಇರುವುದು, ರಸ್ತೆಯಲ್ಲಿ ಹಿಡಿದಿಡಲು ಅದನ್ನೇ ನೆಚ್ಚಬಾರದು.

ಹೊಸ ಗೈಡ್ ಹಾಕಿ ಮೊದಲ ಸಲ ದೋಣಿ ಏರಿಸಿದ ಕೂಡಲೇ ಎಲ್ಲ ಯು-ಬೋಲ್ಟ್‌ಗಳಿಗೂ ಇನ್ನೊಮ್ಮೆ ಸ್ಪ್ಯಾನರ್ ಹಾಕಬೇಕು. ಸತು ಲೇಪನ ಒತ್ತಡಕ್ಕೆ ಕೂತು ನಟ್ಟು ಸ್ವಲ್ಪ ಸಡಿಲವಾಗಿರಬಹುದು. ಅಡ್ಡ ತೋಳಿನ ಮೇಲೆ ಬ್ರ್ಯಾಕೆಟ್ ಅಂಚಿಗೆ ಸರಿಯಾಗಿ ಪೇಂಟಿನಲ್ಲಿ ಒಂದು ಗೆರೆ ಎಳೆದಿಟ್ಟರೆ ಮುಂದೆ ಪೋಸ್ಟ್ ಜಾರಿದೆಯೇ ಎಂದು ನೋಡಲು ಟೇಪು ಬೇಕಿಲ್ಲ. ವಿ ತಳದ ದೋಣಿ, ಹೊಂದಿದ ಬಂಕ್, ಗಾಳಿಮರೆಯ ರ‍್ಯಾಂಪ್, ಇಷ್ಟೂ ಇರುವವರು ಗೈಡ್ ಕೊಳ್ಳುವುದನ್ನು ಮುಂದೂಡಿ, ಆ ಹಣದಲ್ಲಿ ಮೊದಲು ಸವೆದ ಬಂಕ್ ಕಾರ್ಪೆಟ್ ಮತ್ತು ವಿಂಚ್ ಬೆಲ್ಟ್ ಬದಲಿಸಲಿ. ಚಪ್ಪಟೆ ತಳದವರು 60 ಅಂಗುಲದ, ಚೌಕ ತೋಳಿನ, ಪ್ರತಿ ಪಕ್ಕಕ್ಕೂ ಎರಡು ಯು-ಬೋಲ್ಟ್ ಇರುವ ಜೋಡಿಯನ್ನೇ ಕೇಳಿ ಪಡೆಯಲಿ.